ಬೆಕ್ಕಿನ ಮೈಯಿಂದ ಚಿಗಟ ಕಡ ತಂದ ಡಾಕ್ಟರ್: ಪಾಲ್ ಲೂಯಿ ಸಿಮೊಂಡ್ ಬದುಕು ಮತ್ತು ನಮ್ಮ ಮನೆಯ ನಾಯಿ-ಬೆಕ್ಕಿನ ತುರಿಕೆ

ಬೇಸಿಗೆ ಮುಗಿದು ಮೊದಲ ಮಳೆ ಬೀಳುವ ಹೊತ್ತಿಗೆ ನಮ್ಮ ವಿಜಯಪುರ ಭಾಗದ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಒಂದು ಫಾರ್ವರ್ಡ್ ತಪ್ಪದೆ ಬರುತ್ತದೆ. ನಾಯಿ, ಬೆಕ್ಕು ತುರಿಸಿಕೊಳ್ಳುತ್ತಿದ್ದರೆ ದನಕ್ಕೆ ಹಚ್ಚುವ ಉಣ್ಣಿ ಔಷಧವನ್ನೇ ನೀರಲ್ಲಿ ಬೆರೆಸಿ ಮೈಗೆ ಹಚ್ಚಿ, ಒಂದೇ ದಿನದಲ್ಲಿ ಚಿಗಟ ಮಾಯ ಎಂಬುದು ಅದರ ಸಾರ. ಕೆಲವೊಮ್ಮೆ ಸೀಮೆಎಣ್ಣೆ ಅಂತಿರುತ್ತದೆ, ಕೆಲವೊಮ್ಮೆ ಫಿನಾಯಿಲ್, ಕೆಲವೊಮ್ಮೆ ಬೆಳ್ಳುಳ್ಳಿ.

ತಿಕೋಟಾದ ನಮ್ಮ ಅಜ್ಜಿಯ ಮನೆಯಲ್ಲಿ ಈ ಮಾತು ನಂಬಿ ಮಾವ ಕೊಟ್ಟಿಗೆಯ ಬಾಟಲಿಯನ್ನೇ ತೆಗೆದು ನಾಯಿಗೂ ಬೆಕ್ಕಿಗೂ ಹಚ್ಚಿದ್ದರು. ನಾಯಿಗೆ ಏನೂ ಆಗಲಿಲ್ಲ. ಬೆಕ್ಕು ಸಂಜೆಗೆ ಜೊಲ್ಲು ಸುರಿಸಿತು, ಕಿವಿ ಮತ್ತು ಕಾಲು ಅದುರತೊಡಗಿದವು. ಬೆಳಗಾಗುವಷ್ಟರಲ್ಲಿ ಅದು ಇರಲಿಲ್ಲ. ಔಷಧ ಅದೇ, ಮನೆ ಅದೇ, ದಿನ ಅದೇ. ಒಂದು ಪ್ರಾಣಿ ಬದುಕಿತು, ಇನ್ನೊಂದು ಸತ್ತಿತು. ಯಾಕೆ?

ಇದಕ್ಕೆ ಉತ್ತರ ಹುಡುಕುತ್ತ ಹೋದಾಗ ನಮಗೆ ಸಿಕ್ಕಿದ್ದು 125 ವರ್ಷಗಳ ಹಿಂದೆ ಇದೇ ಬಾಂಬೆ ಪ್ರೆಸಿಡೆನ್ಸಿಯಲ್ಲಿ ಓಡಾಡಿದ ಒಬ್ಬ ಫ್ರೆಂಚ್ ವೈದ್ಯರ ಕಥೆ. ಚಿಗಟ ಎಂಬ ಪುಟ್ಟ ಹುಳುವನ್ನು ಜಗತ್ತು ಗಂಭೀರವಾಗಿ ನೋಡುವಂತೆ ಮಾಡಿದವರು ಅವರು. ಅವರ ದೊಡ್ಡ ಪ್ರಯೋಗದಲ್ಲಿ ಒಂದು ಬೆಕ್ಕಿಗೂ ಪಾತ್ರವಿದೆ.

ಯಾರು ಈ ಸಿಮೊಂಡ್?

ಪಾಲ್ ಲೂಯಿ ಸಿಮೊಂಡ್ ಹುಟ್ಟಿದ್ದು 1858ರಲ್ಲಿ, ಫ್ರಾನ್ಸಿನ ಆಗ್ನೇಯ ಭಾಗದ ಡ್ರೋಮ್ ಪ್ರಾಂತ್ಯದ ಒಂದು ಸಣ್ಣ ಊರಿನಲ್ಲಿ. ತಂದೆ ಕ್ರೈಸ್ತ ಪಾದ್ರಿ. ಬೋರ್ಡೋ ನಗರದಲ್ಲಿ ವೈದ್ಯಕೀಯ ಓದಲು ಸೇರಿದ ಸಿಮೊಂಡ್, ಓದು ಮುಗಿಯುವ ಮೊದಲೇ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾಕ್ಕೆ ಹೋದರು. ಅಲ್ಲಿ 1882ರಿಂದ 1886ರವರೆಗೆ ಕುಷ್ಠರೋಗಿಗಳ ಆಸ್ಪತ್ರೆ ನೋಡಿಕೊಂಡರು. ಹಳದಿ ಜ್ವರವೂ ಅವರನ್ನು ತಟ್ಟಿ ಹೋಯಿತು. ಊರಿಗೆ ಮರಳಿ 1887ರಲ್ಲಿ ಕುಷ್ಠರೋಗದ ಮೇಲೆಯೇ ಪ್ರಬಂಧ ಬರೆದು ಡಾಕ್ಟರ್ ಆದರು.

ನಂತರ ಸರ್ಕಾರ ಅವರನ್ನು ಪೂರ್ವದ ಕಡೆ, ಚೀನಾ ಮತ್ತು ವಿಯೆಟ್ನಾಂ ಗಡಿಗೆ ಕಳಿಸಿತು. ಪ್ಲೇಗ್ ರೋಗವನ್ನು ಅವರು ಮೊದಲು ಹತ್ತಿರದಿಂದ ಕಂಡದ್ದು ಅಲ್ಲಿ. ಅಲ್ಲಿಂದ ಬಂದು ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಯಲ್ಲಿ ಸೂಕ್ಷ್ಮಜೀವಿಗಳ ಸಂಶೋಧನೆ ಕಲಿತರು. ಅಷ್ಟರಲ್ಲಿ ಭಾರತದಿಂದ ಕರೆ ಬಂತು.

ಬಾಂಬೆಯಿಂದ ನಮ್ಮೂರಿನವರೆಗೆ ಪ್ಲೇಗ್

1896ರಲ್ಲಿ ಬಾಂಬೆಗೆ ಪ್ಲೇಗ್ ಕಾಲಿಟ್ಟಿತು. ಆಗ ಬಿಜಾಪುರ, ಧಾರವಾಡ, ಬೆಳಗಾವಿ ಎಲ್ಲವೂ ಬಾಂಬೆ ಪ್ರೆಸಿಡೆನ್ಸಿಗೆ ಸೇರಿದ್ದವು. ರೋಗ ರೈಲು, ಬಂಡಿ, ಸರಕಿನ ಮೂಟೆಗಳ ಜೊತೆ ಒಳನಾಡಿಗೆ ಬಂತು. 1898ರಲ್ಲಿ ಹುಬ್ಬಳ್ಳಿ ತತ್ತರಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರಿಗೂ ತಲುಪಿತು. ಬಿಜಾಪುರ ಜಿಲ್ಲೆಯೂ ಉಳಿಯಲಿಲ್ಲ. ಮನೆಯಲ್ಲಿ ಇಲಿ ಬಿತ್ತು ಎಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆ ನಮ್ಮ ಕಡೆಯ ಹಿರಿಯರ ಮನೆಗಳಲ್ಲಿ ಇವತ್ತಿಗೂ ಕೇಳಸಿಗುತ್ತದೆ.

ಪ್ಲೇಗ್ ತರುವ ಬ್ಯಾಕ್ಟೀರಿಯಾವನ್ನು 1894ರಲ್ಲೇ ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಪತ್ತೆ ಮಾಡಿದ್ದರು. 1897ರ ಆರಂಭದಲ್ಲಿ ಬಾಂಬೆಯಲ್ಲಿ ವಾಲ್ಡೆಮರ್ ಹಾಫ್ಕಿನ್ ಲಸಿಕೆ ತಯಾರಿಸಿ ಮೊದಲು ತಮಗೇ ಚುಚ್ಚಿಕೊಂಡಿದ್ದರು. ಆದರೆ ರೋಗ ಇಲಿಯಿಂದ ಮನುಷ್ಯನಿಗೆ ದಾಟುವುದು ಹೇಗೆ ಎಂಬುದು ಮಾತ್ರ ಬಗೆಹರಿದಿರಲಿಲ್ಲ. ಗಾಳಿಯಿಂದ ಎಂದವರಿದ್ದರು, ಮಣ್ಣಿನಿಂದ ಎಂದವರಿದ್ದರು, ಕೊಳಕಿನಿಂದ, ಆಹಾರದಿಂದ ಎಂದವರೂ ಇದ್ದರು. ಅಧಿಕಾರಿಗಳು ಅದಕ್ಕೆ ತಕ್ಕಂತೆ ಮನೆ ತೊಳೆಸುತ್ತಿದ್ದರು, ಛಾವಣಿ ಕೀಳಿಸುತ್ತಿದ್ದರು, ಬಟ್ಟೆ ಸುಡಿಸುತ್ತಿದ್ದರು. ರೋಗ ನಿಲ್ಲುತ್ತಿರಲಿಲ್ಲ.

ಯೆರ್ಸಿನ್ ಬಾಂಬೆಯಲ್ಲಿ ಮಾಡುತ್ತಿದ್ದ ಸೀರಂ ಚಿಕಿತ್ಸೆಯ ಕೆಲಸ ಮುಂದುವರಿಸಲು 1897ರಲ್ಲಿ ಸಿಮೊಂಡ್ ಬಂದರು. ಸೀರಂನಿಂದ ಅಂದುಕೊಂಡಷ್ಟು ಫಲ ಸಿಗಲಿಲ್ಲ. ಆದರೆ ರೋಗಿಗಳ ಹಾಸಿಗೆ ಪಕ್ಕ ಕೂತ ಅವರ ಕಣ್ಣಿಗೆ ಬೇರೆ ಸಂಗತಿಗಳು ಬೀಳತೊಡಗಿದವು.

ಒಂದು ಬೊಕ್ಕೆ, ಒಂದು ತಣ್ಣಗಾದ ಇಲಿ

ಕೆಲವು ರೋಗಿಗಳ ಕಾಲಿನ ಮೇಲೆ, ಗಡ್ಡೆ ಏಳುವ ಮೊದಲೇ, ಸಣ್ಣದೊಂದು ನೀರುಗುಳ್ಳೆ ಇರುತ್ತಿತ್ತು. ಅದರೊಳಗಿನ ನೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ಲೇಗ್ ಬ್ಯಾಕ್ಟೀರಿಯಾ. ಅಂದರೆ ರೋಗ ಒಳಹೊಕ್ಕ ಬಾಗಿಲು ಅದೇ. ಬಾಗಿಲು ಚರ್ಮದಲ್ಲಿದೆ, ಅದೂ ಏನೋ ಕಚ್ಚಿದಂತೆ ಕಾಣುತ್ತದೆ.

ಎರಡನೆಯ ಸುಳಿವು ಇನ್ನೂ ವಿಚಿತ್ರ. ಒಂದು ಉಣ್ಣೆ ಕಾರ್ಖಾನೆಯಲ್ಲಿ ಬೆಳಗ್ಗೆ ರಾಶಿ ಇಲಿಗಳು ಸತ್ತು ಬಿದ್ದಿದ್ದವು. ಅವನ್ನು ತೆಗೆದು ಹಾಕಲು 20 ಆಳುಗಳನ್ನು ಹಚ್ಚಿದರು. ಮೂರು ದಿನದೊಳಗೆ ಅವರಲ್ಲಿ 10 ಜನರಿಗೆ ಪ್ಲೇಗ್ ಬಂತು. ಇಲಿ ಮುಟ್ಟದ ಉಳಿದ ಕೆಲಸಗಾರರಿಗೆ ಬರಲಿಲ್ಲ. ಆದರೆ ಸತ್ತು ಬಹಳ ಹೊತ್ತಾದ, ತಣ್ಣಗಾದ ಇಲಿಯನ್ನು ಮುಟ್ಟಿದವರಿಗೆ ಏನೂ ಆಗುತ್ತಿರಲಿಲ್ಲ. ಬ್ಯಾಕ್ಟೀರಿಯಾ ಎರಡೂ ಇಲಿಗಳಲ್ಲಿ ಇದ್ದೇ ಇರುತ್ತದೆ. ಹಾಗಾದರೆ ಬಿಸಿ ಇಲಿಯಲ್ಲಿ ಇದ್ದು ತಣ್ಣನೆಯ ಇಲಿಯಲ್ಲಿ ಇಲ್ಲದ್ದು ಏನು?

ಚಿಗಟ! ಪ್ರಾಣಿ ಸತ್ತು ಮೈ ತಣ್ಣಗಾದೊಡನೆ ಚಿಗಟಗಳು ಅದನ್ನು ಬಿಟ್ಟು ಬೇರೆ ಬಿಸಿ ಮೈ ಹುಡುಕಿ ಹೋಗುತ್ತವೆ. ಹತ್ತಿರ ಇಲಿ ಇಲ್ಲದಿದ್ದರೆ ಮನುಷ್ಯನಾದರೂ ಸರಿ. ಹಸಿದ ಇಲಿ ಚಿಗಟ ಮನುಷ್ಯನನ್ನೂ ಕಚ್ಚುತ್ತದೆ ಎಂಬುದನ್ನು ಸಿಮೊಂಡ್ ಪರೀಕ್ಷಿಸಿ ಖಚಿತ ಮಾಡಿಕೊಂಡರು.

ಕರಾಚಿಯ ಹೋಟೆಲ್, ಎರಡು ಗಾಜಿನ ಪಾತ್ರೆ

1898ರ ಜೂನ್ 2. ಸಿಮೊಂಡ್ ಆಗ ಕರಾಚಿಯಲ್ಲಿದ್ದರು. ಸರಿಯಾದ ಪ್ರಯೋಗಾಲಯವೂ ಇರಲಿಲ್ಲ, ಉಳಿದಿದ್ದ ಹೋಟೆಲ್ಲೇ ಪ್ರಯೋಗಾಲಯ. ಪ್ಲೇಗ್ ತಗುಲಿದ್ದ ಮನೆಯೊಂದರಿಂದ ಕಾಯಿಲೆ ಬಿದ್ದ ಇಲಿಯನ್ನು ಹಿಡಿದು ತಂದು, ತಳಕ್ಕೆ ಮರಳು ಹಾಕಿದ ದೊಡ್ಡ ಗಾಜಿನ ಪಾತ್ರೆಯಲ್ಲಿಟ್ಟರು. ಇಲಿಯ ಮೈಮೇಲೆ ಚಿಗಟ ಇದ್ದವು. ಇನ್ನಷ್ಟು ಇರಲಿ ಎಂದು ಹೋಟೆಲ್ ಸುತ್ತ ಅಡ್ಡಾಡುತ್ತಿದ್ದ ಬೆಕ್ಕೊಂದನ್ನು ಹಿಡಿದು, ಅದರ ಮೈಯ ಚಿಗಟಗಳನ್ನೂ ಆರಿಸಿ ಪಾತ್ರೆಗೆ ಬಿಟ್ಟರು. ಆ ಬೆಕ್ಕಿಗೆ ಅಂದು ತುರಿಕೆ ಕಡಿಮೆಯಾಗಿರಬೇಕು!

ಕಾಯಿಲೆಯ ಇಲಿ ಸಾಯುವ ಹೊತ್ತಿಗೆ ಅದೇ ಪಾತ್ರೆಯಲ್ಲಿ ಆರೋಗ್ಯವಾಗಿದ್ದ ಇನ್ನೊಂದು ಇಲಿಯನ್ನು ಜಾಲರಿ ಪಂಜರದೊಳಗೆ ಇಟ್ಟರು. ಈ ಇಲಿ ಸತ್ತ ಇಲಿಯನ್ನಾಗಲಿ, ತಳದ ಮರಳನ್ನಾಗಲಿ ಮುಟ್ಟುವಂತಿರಲಿಲ್ಲ. ಚಿಗಟ ಮಾತ್ರ ಜಾಲರಿಯೊಳಗೆ ಜಿಗಿಯಬಹುದಿತ್ತು. ಐದನೆಯ ದಿನ ಆರೋಗ್ಯವಂತ ಇಲಿ ಮಂಕಾಯಿತು, ಆರನೆಯ ದಿನ ಸತ್ತಿತು. ಕೊಯ್ದು ನೋಡಿದರೆ ಒಳಗೆಲ್ಲ ಪ್ಲೇಗ್ ಬ್ಯಾಕ್ಟೀರಿಯಾ.

ನಮಗೆ ಮುಖ್ಯವೆನಿಸುವುದು ಇದರ ಮುಂದಿನ ಹೆಜ್ಜೆ. ಸಿಮೊಂಡ್ ಅಷ್ಟಕ್ಕೇ ಕುಣಿದಾಡಲಿಲ್ಲ. ಎರಡನೆಯ ಪಾತ್ರೆಯನ್ನೂ ಇಟ್ಟರು. ಅಲ್ಲಿಯೂ ಪ್ಲೇಗ್ ಇಲಿ, ಅಲ್ಲಿಯೂ ಪಕ್ಕದಲ್ಲಿ ಆರೋಗ್ಯವಂತ ಇಲಿ. ವ್ಯತ್ಯಾಸ ಒಂದೇ, ಚಿಗಟ ಇರಲಿಲ್ಲ. ಅಲ್ಲಿನ ಆರೋಗ್ಯವಂತ ಇಲಿ ಚೆನ್ನಾಗಿಯೇ ಇತ್ತು. ರೋಗ ಹರಡಿದ್ದು ಚಿಗಟದಿಂದಲೇ ಎಂದು ಹೇಳಲು ಅವರಿಗೆ ಧೈರ್ಯ ಕೊಟ್ಟಿದ್ದು ಈ ಎರಡನೆಯ ಪಾತ್ರೆ.

ನಕ್ಕವರೇ ಹೆಚ್ಚು

ಅದೇ 1898ರಲ್ಲಿ ಪಾಸ್ಚರ್ ಸಂಸ್ಥೆಯ ಪತ್ರಿಕೆಯಲ್ಲಿ ಅವರ ಲೇಖನ ಅಚ್ಚಾಯಿತು. ತೈವಾನ್‌ನಲ್ಲಿ ಕೆಲಸ ಮಾಡಿದ್ದ ಜಪಾನಿನ ಮಸನೋರಿ ಒಗಾಟಾ ಕೂಡ ಅದಕ್ಕೂ ಮೊದಲೇ ಚಿಗಟದ ಮೇಲೆ ಅನುಮಾನಪಟ್ಟಿದ್ದರು. ಆದರೂ ವೈದ್ಯಲೋಕ ನಂಬಲಿಲ್ಲ. ಬೇರೆಯವರು ಪ್ರಯೋಗ ಮಾಡಿದಾಗ ಅದೇ ಫಲಿತಾಂಶ ಬರದ್ದೂ ಉಂಟು. ಬ್ರಿಟಿಷ್ ಸರ್ಕಾರದ ಮೊದಲ ಪ್ಲೇಗ್ ಆಯೋಗ ಚಿಗಟದ ವಾದವನ್ನು ಪಕ್ಕಕ್ಕೆ ತಳ್ಳಿತು.

ಸತ್ಯ ಒಪ್ಪಿತವಾಗಲು ಸುಮಾರು ಎಂಟು ವರ್ಷ ಹಿಡಿಯಿತು. ಬಾಂಬೆಯಲ್ಲಿ ಗ್ಲೆನ್ ಲಿಸ್ಟನ್ ಮತ್ತು 1905ರಲ್ಲಿ ಕೆಲಸ ಆರಂಭಿಸಿದ ಹೊಸ ಆಯೋಗ ಪ್ಲೇಗ್ ಮನೆಗಳಲ್ಲಿ ಗಿನಿಪಿಗ್‌ಗಳನ್ನು ಇಟ್ಟು ನೋಡಿದವು. ಚಿಗಟ ತಲುಪುವಂತೆ ಇಟ್ಟ ಪ್ರಾಣಿಗೆ ರೋಗ ಬಂತು, ಚಿಗಟ ಜಿಗಿದು ಮುಟ್ಟಲಾಗದಂತೆ ಇಟ್ಟದ್ದಕ್ಕೆ ಬರಲಿಲ್ಲ. ಪ್ಲೇಗ್ ಹರಡುವುದರಲ್ಲಿ ಮುಂದಿರುವ ಇಲಿ ಚಿಗಟಕ್ಕೆ 1903ರಲ್ಲಿ ಹೆಸರಿಟ್ಟವರು ಚಾರ್ಲ್ಸ್ ರಾಥ್‌ಸ್ಚೈಲ್ಡ್. ಆ ಚಿಗಟದ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಗಂಟುಕಟ್ಟಿ, ರಕ್ತ ಒಳಗೆ ಇಳಿಯದೆ, ಕಚ್ಚಿದ ಗಾಯಕ್ಕೇ ವಾಂತಿಯಾಗುತ್ತದೆ ಎಂಬುದು 1914ರಲ್ಲಿ ತಿಳಿಯಿತು.

ಸಿಮೊಂಡ್ ಅಷ್ಟರಲ್ಲಿ ಬೇರೆ ಕೆಲಸಗಳಲ್ಲಿ ಮುಳುಗಿದ್ದರು. ವಿಯೆಟ್ನಾಂನ ಸೈಗಾನ್‌ನಲ್ಲಿ ಪಾಸ್ಚರ್ ಸಂಸ್ಥೆ ನಡೆಸಿದರು. 1901ರಿಂದ 1905ರವರೆಗೆ ಬ್ರೆಜಿಲ್‌ನಲ್ಲಿ ಸೊಳ್ಳೆಯಿಂದ ಹರಡುವ ಹಳದಿ ಜ್ವರದ ಮೇಲೆ ದುಡಿದರು. ಮುಂದೆ ಇಸ್ತಾಂಬುಲ್‌ನಲ್ಲೂ ಕೆಲಸ ಮಾಡಿದರು. ನಿವೃತ್ತಿಯ ನಂತರ ಫ್ರಾನ್ಸಿನ ವಾಲಾನ್ಸ್‌ನಲ್ಲಿ ನೆಲೆಸಿ ಗಿಡಮರಗಳ ಅಧ್ಯಯನದಲ್ಲಿ ಕಾಲ ಕಳೆದರು. 1947ರಲ್ಲಿ, 88ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೋಟ್ಯಂತರ ಜನರ ಸಾವಿನ ಗುಟ್ಟು ಬಿಡಿಸಿದರೂ ನೊಬೆಲ್ ಅವರಿಗೆ ಬರಲಿಲ್ಲ.

ಹಾಗಾದರೆ ನಮ್ಮ ಬೆಕ್ಕಿನ ಚಿಗಟದಿಂದ ಪ್ಲೇಗ್ ಬರುತ್ತದೆಯೇ?

ಗಾಬರಿ ಬೇಡ. ಚಿಗಟಗಳಲ್ಲಿ ಹಲವು ಜಾತಿ. ನಮ್ಮ ನಾಯಿ ಮತ್ತು ಬೆಕ್ಕು ಎರಡರ ಮೈಮೇಲೂ ಹೆಚ್ಚಾಗಿ ಕಾಣುವುದು ಬೆಕ್ಕಿನ ಚಿಗಟ. ಪ್ಲೇಗ್ ದಾಟಿಸುವುದರಲ್ಲಿ ಅದು ಇಲಿ ಚಿಗಟದಷ್ಟು ಸಮರ್ಥವಲ್ಲ. ಊರಿನ ಇಲಿಗಳಲ್ಲಿ ಪ್ಲೇಗ್ ಇಲ್ಲದಿದ್ದರೆ ಚಿಗಟದಲ್ಲಿ ಅದು ಬರುವುದೂ ಇಲ್ಲ. ಸಾಕುಪ್ರಾಣಿಯನ್ನು ಮನೆಯಿಂದ ಹೊರಹಾಕಲು ಇದು ಕಾರಣವಾಗಬಾರದು.

ಆದರೆ ಚಿಗಟ ಆ ಪ್ರಾಣಿಗೇ ದೊಡ್ಡ ಹಿಂಸೆ. ಕಚ್ಚುವಾಗ ಅದು ತನ್ನ ಜೊಲ್ಲನ್ನು ಚರ್ಮದೊಳಗೆ ಬಿಡುತ್ತದೆ. ಕೆಲವು ನಾಯಿ, ಬೆಕ್ಕುಗಳಿಗೆ ಆ ಜೊಲ್ಲು ಅಲರ್ಜಿ. ಇಂಥವಕ್ಕೆ ನೂರು ಚಿಗಟ ಬೇಕಿಲ್ಲ, ಒಂದೆರಡು ಕಚ್ಚಿದರೂ ದಿನಗಟ್ಟಲೆ ತುರಿಕೆ. ನಾಯಿಯಾದರೆ ಬಾಲದ ಬುಡ, ಸೊಂಟ, ತೊಡೆಯ ಹಿಂಭಾಗ ಕಚ್ಚಿ ಕಚ್ಚಿ ಕೂದಲು ಉದುರಿಸಿಕೊಳ್ಳುತ್ತದೆ. ಬೆಕ್ಕಾದರೆ ಕುತ್ತಿಗೆ ಮತ್ತು ಬೆನ್ನ ಮೇಲೆ ಸಣ್ಣ ಹೆಪ್ಪುಗಳು ಕೈಗೆ ಸಿಗುತ್ತವೆ.

ಚಿಗಟ ಇದೆಯೋ ಇಲ್ಲವೋ ತಿಳಿಯಲು ಸುಲಭ ದಾರಿ ಇದೆ. ಸಣ್ಣ ಹಲ್ಲಿನ ಹೇನು ಬಾಚಣಿಗೆಯಿಂದ ಬಾಲದ ಬುಡದಲ್ಲಿ ಬಾಚಿ. ಬಿದ್ದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿ. ಸುತ್ತ ಕೆಂಪು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಕೆಂಪು ಬರದಿದ್ದರೆ ಬರೀ ಮಣ್ಣಿರಬಹುದು. ತುರಿಕೆಗೆ ಕಜ್ಜಿ ಹುಳು, ಶಿಲೀಂಧ್ರ, ಉಣ್ಣಿ, ಆಹಾರದ ಅಲರ್ಜಿ ಕೂಡ ಕಾರಣವಾಗಬಹುದು. ಎಲ್ಲ ತುರಿಕೆಗೂ ಒಂದೇ ಔಷಧ ಅಲ್ಲ.

ಫಾರ್ವರ್ಡ್‌ನಲ್ಲಿ ಇಲ್ಲದ ಎರಡನೆಯ ಪಾತ್ರೆ

ಈಗ ಅಜ್ಜಿಯ ಮನೆಯ ಬೆಕ್ಕಿನ ವಿಷಯಕ್ಕೆ ಬರೋಣ. ತಿಕೋಟಾ, ಬಬಲೇಶ್ವರ ಕಡೆ ದನ, ಕುರಿ, ದ್ರಾಕ್ಷಿ ತೋಟ ಇರುವ ಮನೆಗಳಲ್ಲಿ ಕೀಟನಾಶಕದ ಬಾಟಲಿ ಕೈಗೆಟುಕುವಂತೆ ಇರುತ್ತದೆ. ನಮ್ಮ ನಾಯಿಗೆ ಹಚ್ಚಿದೆವು, ಏನೂ ಆಗಲಿಲ್ಲ ಎಂಬುದೇ ಫಾರ್ವರ್ಡ್ ಕೊಡುವ ಸಾಕ್ಷಿ. ಇದು ಸಿಮೊಂಡ್ ಅವರ ಒಂದೇ ಪಾತ್ರೆ ಇದ್ದಂತೆ. ಬೆಕ್ಕಿಗೆ ಏನಾಗುತ್ತದೆ, ಮರಿಗೆ ಏನಾಗುತ್ತದೆ, ಬೇರೆ ತಳಿಗೆ ಏನಾಗುತ್ತದೆ ಎಂದು ಯಾರೂ ಹೋಲಿಸಿ ನೋಡಿರುವುದಿಲ್ಲ. ಪಶುವೈದ್ಯ ವಿಜ್ಞಾನ ನೋಡಿದೆ. ಅದು ಹೇಳುವುದು ಇಷ್ಟು:

ಪರ್ಮೆಥ್ರಿನ್ ಮತ್ತು ಬೆಕ್ಕು: ದನದ ಉಣ್ಣಿ ಔಷಧಗಳಲ್ಲಿ, ನಾಯಿಯ ಕೆಲವು ಚಿಗಟ ಔಷಧಗಳಲ್ಲಿ ಪರ್ಮೆಥ್ರಿನ್, ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಗುಂಪಿನ ವಸ್ತುಗಳಿರುತ್ತವೆ. ನಾಯಿಯ ಯಕೃತ್ತು ಇವನ್ನು ಒಡೆದು ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿನಲ್ಲಿ ಆ ಕೆಲಸಕ್ಕೆ ಬೇಕಾದ ಕಿಣ್ವದ ಕೊರತೆ. ವಿಷ ನರಮಂಡಲಕ್ಕೆ ಏರಿ ಅದುರುವಿಕೆ, ಫಿಟ್ಸ್, ಸಾವು ಆಗಬಹುದು. ನಾಯಿಯದ್ದನ್ನು ಅರ್ಧ ಮಾಡಿ ಬೆಕ್ಕಿಗೆ ಹಚ್ಚುವುದೂ ಅಪಾಯವೇ. ಇಂಥ ಔಷಧ ಹಚ್ಚಿದ ನಾಯಿಯ ಜೊತೆ ಬೆಕ್ಕು ಮಲಗಿದರೆ, ಅದನ್ನು ನೆಕ್ಕಿದರೆ ಅದೂ ಅಪಾಯ.

ಐವರ್‌ಮೆಕ್ಟಿನ್ ಮತ್ತು ಕೆಲವು ನಾಯಿಗಳು: ಕಜ್ಜಿಗೆ ಕೊಡುವ ಈ ಔಷಧ ಬಹಳ ನಾಯಿಗಳಿಗೆ ಸರಿಯಾದ ಪ್ರಮಾಣದಲ್ಲಿ ಒಗ್ಗುತ್ತದೆ. ಆದರೆ ಕೋಲಿಯಂಥ ಕುರಿ ಕಾಯುವ ತಳಿಗಳಲ್ಲಿ ಒಂದು ವಂಶವಾಹಿ ದೋಷ ಕಾಣುತ್ತದೆ. ಅವುಗಳಲ್ಲಿ ಔಷಧ ಮೆದುಳಿಗೆ ನುಗ್ಗಿ ಕೋಮಾ ಕೂಡ ಆಗಬಹುದು. ದನಕ್ಕೆ ಚುಚ್ಚುವ ಬಾಟಲಿಯಿಂದ ಅಂದಾಜಿನಲ್ಲಿ ಕೊಡುವುದಂತೂ ಯಾವ ನಾಯಿಗೂ ಬೇಡ.

ಚಿಗಟದ ಮಾತ್ರೆಗಳು: ಫ್ಲುರಾಲನರ್, ಅಫಾಕ್ಸೊಲನರ್ ಗುಂಪಿನ ಹೊಸ ಮಾತ್ರೆಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಕೆಲವು ಪ್ರಾಣಿಗಳಲ್ಲಿ ಫಿಟ್ಸ್ ಬರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿತು. ನಿಮ್ಮ ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಸೀಮೆಎಣ್ಣೆ, ಫಿನಾಯಿಲ್, ಟೀ ಟ್ರೀ ಎಣ್ಣೆ, ಬೆಳ್ಳುಳ್ಳಿ: ಮೊದಲ ಎರಡು ಚರ್ಮ ಸುಡುತ್ತವೆ, ನೆಕ್ಕಿದರೆ ಹೊಟ್ಟೆಗೂ ಶ್ವಾಸಕೋಶಕ್ಕೂ ಹಾನಿ. ಟೀ ಟ್ರೀ ಎಣ್ಣೆ ನಾಯಿ, ಬೆಕ್ಕು ಎರಡಕ್ಕೂ ವಿಷ. ಬೆಳ್ಳುಳ್ಳಿ ಕೆಂಪು ರಕ್ತಕಣ ಒಡೆಯುತ್ತದೆ, ಬೆಕ್ಕಿಗೆ ಇನ್ನೂ ಹೆಚ್ಚು. ನೈಸರ್ಗಿಕ ಎಂದ ಮಾತ್ರಕ್ಕೆ ಸುರಕ್ಷಿತ ಅಲ್ಲ.

ಔಷಧ ಹಚ್ಚಿದ ಮೇಲೆ ತೊಂದರೆ ಕಂಡರೆ

ಹಚ್ಚಿದ ಜಾಗ ಮಾತ್ರ ಕೆಂಪಾಗಿ ತುರಿಸುತ್ತಿದ್ದರೆ ಅದು ಚರ್ಮಕ್ಕೆ ಒಗ್ಗದ ಲಕ್ಷಣ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೌಮ್ಯ ದ್ರವ ಸೋಪು ಬಳಸಿ ತೊಳೆದು ಡಾಕ್ಟರಿಗೆ ತಿಳಿಸಿ. ಬಿಸಿನೀರು ಬೇಡ. ನೆಕ್ಕದಂತೆ ನೋಡಿಕೊಳ್ಳಿ. ಮುಂದಿನ ಸಲ ಅದೇ ಔಷಧ ಬೇಡ ಎಂದು ಹೆಸರು ಬರೆದಿಟ್ಟುಕೊಳ್ಳಿ.

ಜೊಲ್ಲು, ನಡುಕ, ತೂರಾಡುವುದು, ಫಿಟ್ಸ್ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ತಕ್ಷಣ ಪಶು ಆಸ್ಪತ್ರೆಗೆ ಒಯ್ಯಿರಿ, ಔಷಧದ ಬಾಟಲಿ ಅಥವಾ ಪ್ಯಾಕೆಟ್ ಜೊತೆಗಿರಲಿ. ಬಾಯಿಗೆ ಹಾಲು, ಎಣ್ಣೆ ಸುರಿಯಬೇಡಿ, ಉಸಿರಿನ ನಾಳಕ್ಕೆ ಹೋಗಬಹುದು. ಪರ್ಮೆಥ್ರಿನ್ ವಿಷವೇರಿದ ಬೆಕ್ಕಿಗೂ ಬೇಗ ಚಿಕಿತ್ಸೆ ಸಿಕ್ಕರೆ ಬದುಕುವ ಅವಕಾಶ ಚೆನ್ನಾಗಿದೆ. ಅಜ್ಜಿಯ ಮನೆಯಲ್ಲಿ ಇದು ಅಂದು ಯಾರಿಗೂ ಗೊತ್ತಿರಲಿಲ್ಲ.

ತುರಿಕೆ ನಿಜವಾಗಿ ನಿಲ್ಲಬೇಕೆಂದರೆ

ಸಿಮೊಂಡ್ ಚಿಗಟವನ್ನು ಇಲಿಯ ಮೈಮೇಲೆ ಮಾತ್ರ ನೋಡಲಿಲ್ಲ, ಅದು ಇಲಿ ಬಿಟ್ಟು ಎಲ್ಲಿಗೆ ಹೋಗುತ್ತದೆ ಎಂದೂ ನೋಡಿದರು. ನಾವೂ ಹಾಗೇ ನೋಡಬೇಕು. ಚಿಗಟದ ಮೊಟ್ಟೆಗಳು ಪ್ರಾಣಿಯ ಮೈಯಿಂದ ಉದುರಿ ಹಾಸಿಗೆ, ಗೋಣಿಚೀಲ, ನೆಲದ ಬಿರುಕು ಸೇರುತ್ತವೆ. ಅಲ್ಲಿ ಮರಿಹುಳುವಾಗಿ, ಗೂಡು ಕಟ್ಟಿ, ವಾರಗಟ್ಟಲೆ ಕಾದು ಮತ್ತೆ ಮೈಗೆ ಜಿಗಿಯುತ್ತವೆ. ಆದ್ದರಿಂದ ಪ್ರಾಣಿಗೆ ಒಮ್ಮೆ ಔಷಧ ಹಚ್ಚಿದರೆ ಸಾಲದು.

ಪ್ರಾಣಿ ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಮೂಲೆ, ಬಿರುಕು ಗುಡಿಸಿ, ಆ ಕಸ ಮನೆಯಿಂದ ದೂರ ಹಾಕಿ. ಮನೆಯ ಎಲ್ಲ ನಾಯಿ, ಬೆಕ್ಕುಗಳಿಗೂ ಒಟ್ಟಿಗೇ, ಆದರೆ ಅವವಕ್ಕೆ ಒಪ್ಪುವ ಔಷಧ, ತೂಕ ನೋಡಿ, ಡಾಕ್ಟರ್ ಹೇಳಿದಷ್ಟು ದಿನ ಹಾಕಿಸಿ. ಕೆಲವು ತಿಂಗಳು ಬಿಡದೆ ಮಾಡಬೇಕಾಗುತ್ತದೆ. ಮರಿ, ಗಬ್ಬದ ಪ್ರಾಣಿ, ಮುದಿ ಪ್ರಾಣಿ ಇದ್ದರೆ ಮೊದಲೇ ಹೇಳಿ. ಚಿಗಟ ಹೋಗುವವರೆಗೆ ತುರಿಕೆ ತಗ್ಗಿಸುವ ಮಾತ್ರೆಯನ್ನೂ ಡಾಕ್ಟರ್ ಕೊಡಬಲ್ಲರು. ನಮ್ಮ ಮುಲಾಮು, ನಮ್ಮ ಮಾತ್ರೆ ಅವಕ್ಕೆ ಬೇಡ. ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣಾಂತಿಕ.

ಕೊನೆಯ ಮಾತು: ನಾಯಿಗೆ ಒಗ್ಗಿದ್ದು ಬೆಕ್ಕಿಗೆ ಒಗ್ಗುತ್ತದೆ ಎಂಬುದು ಸುಳ್ಳು. ದನದ ಉಣ್ಣಿ ಔಷಧ ಬೆಕ್ಕಿಗೆ ಹಚ್ಚಬೇಡಿ. ಅಂಥ ಫಾರ್ವರ್ಡ್ ಬಂದರೆ ಮುಂದಕ್ಕೆ ಕಳಿಸುವ ಮೊದಲು ಒಂದೇ ಪ್ರಶ್ನೆ ಕೇಳಿ, ಎರಡನೆಯ ಪಾತ್ರೆ ಎಲ್ಲಿ ಎಂದು. ಮನೆಯಲ್ಲಿ ಬೆಕ್ಕು ಸಾಕಿದವರು ನಿಮ್ಮ ಗ್ರೂಪಿನಲ್ಲಿದ್ದರೆ ಇದನ್ನು ಅವರಿಗೂ ಕಳಿಸಿ.